1567ರ ಕಂಕಣ

ಇಂದು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿರುವುದು 1567ರ ಏಪ್ರಿಲ್ 9ರ ರೋಮ್ ನಗರ. ಕ್ಲಾವಿಯಸ್ ಎಂಬ ಗಣಿತಜ್ಞ ಅಂದು ನಡುಹಗಲಿನ ಹೊತ್ತಿಗೆ ಸೂರ್ಯಗ್ರಹಣ ನೋಡಿದ. ಏಳು ವರ್ಷ ಹಿಂದೆ ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ಖಗ್ರಾಸ ಗ್ರಹಣ ಕಂಡಿದ್ದವನು ಆತ. ಈ ಸಲ ಮಾತ್ರ ಚಂದ್ರನ ಸುತ್ತ ತೆಳುವಾದ ಬೆಳಕಿನ ಉಂಗುರ ಉಳಿದುಬಿಟ್ಟಿತು. ಪ್ರಾಚೀನ ಖಗೋಳಜ್ಞ ಟಾಲೆಮಿಯ ಲೆಕ್ಕದಲ್ಲಿ ಕಂಕಣ ಗ್ರಹಣಕ್ಕೆ ಜಾಗವೇ ಇರಲಿಲ್ಲ. ಚಂದ್ರ ಅತಿ ದೂರದಲ್ಲಿದ್ದಾಗಲೂ ಸೂರ್ಯನನ್ನು ಪೂರ್ತಿ ಮುಚ್ಚಬೇಕಿತ್ತು. ಆದರೂ ಕ್ಲಾವಿಯಸ್ ಶಾಸ್ತ್ರಕ್ಕೆ ಅಂಜದೆ ಕಂಡದ್ದನ್ನು ಕಂಡಂತೆಯೇ ಬರೆದಿಟ್ಟ. ನನಗೆ ಆತನ ಮೇಲೆ ಗೌರವ ಹುಟ್ಟುವುದು ಅಲ್ಲಿಯೇ.

ಮುಂದೆ ಖಗೋಳ ವಿಜ್ಞಾನಿ ಕೆಪ್ಲರ್‌ನಂಥವನೂ ಆ ಉಂಗುರ ಸೂರ್ಯನದೇ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಂಡ. ಇಂದಿನ ಲೆಕ್ಕದ ಪ್ರಕಾರ ಅದು ಮಿಶ್ರ ಗ್ರಹಣ: ನೆರಳಿನ ಹಾದಿಯಲ್ಲಿ ಕೆಲವೆಡೆ ಕಂಕಣ, ಕೆಲವೆಡೆ ಖಗ್ರಾಸ. ಚಂದ್ರ ಮತ್ತು ಸೂರ್ಯ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವಾಗ ಸ್ವಲ್ಪ ದೂರದ ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಅಂದ ಹಾಗೆ, ನಾವು ಗೋಡೆಗೆ ತೂಗುಹಾಕುವ ಗ್ರೆಗೋರಿಯನ್ ಕ್ಯಾಲೆಂಡರ್ ರೂಪಿಸಿದವರಲ್ಲಿ ಕ್ಲಾವಿಯಸ್ ಕೂಡ ಒಬ್ಬ. ಚಂದ್ರನ ಮೇಲಿನ ಅತಿ ದೊಡ್ಡ ಕುಳಿಗಳಲ್ಲೊಂದಕ್ಕೆ ಈಗ ಆತನದೇ ಹೆಸರು.