ಆಲೂಗಡ್ಡೆ ಸಸಿಯ ವೈರಸ್ ಬಿಡಿಸಲು ಬಿಸಿ ಉಪಚಾರ

ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ಆಲೂಗಡ್ಡೆ ಬಿತ್ತನೆಗೆ ಪಂಜಾಬಿನ ಜಲಂಧರ್ ಕಡೆ ನೋಡುವುದು ಹಳೆಯ ರೂಢಿ. ಗೆಡ್ಡೆ ನೆಟ್ಟು ಗೆಡ್ಡೆ ತೆಗೆಯುವ ಈ ಬೆಳೆಯಲ್ಲಿ ಒಮ್ಮೆ ಒಳಹೊಕ್ಕ ವೈರಸ್ ಯಾವ ಸಿಂಪಡಣೆಗೂ ಜಗ್ಗುವುದಿಲ್ಲ. ಹಾಗಾಗಿ ಪ್ರಯೋಗಾಲಯದ ಬಾಟಲಿಯಲ್ಲಿರುವ ತಾಯಿಸಸಿಯೇ ಶುದ್ಧವಾಗಿರಬೇಕು.

ಬಿಸಿ ಕೊಟ್ಟರೆ ವೈರಸ್ ಸಾಯುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ 36–37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹೆಚ್ಚಳ, ಹರಡುವಿಕೆ ಕುಂಠಿತವಾಗುತ್ತದೆ, ಅಷ್ಟೆ. ಆ ಬಿಡುವಿನಲ್ಲಿ ಚಿಗುರು ಮುಂದೆ ಓಡುತ್ತದೆ. ವೈರಸ್ ತಲುಪದ ಆ ತುದಿಯನ್ನು ಕತ್ತರಿಸಿಕೊಳ್ಳಬೇಕು.

ತಾಯಿಸಸಿಯ ಗಿಣ್ಣು ತುಂಡುಗಳನ್ನು ಬಾಟಲಿಯಲ್ಲಿ 25 ಡಿಗ್ರಿಯಲ್ಲಿ ಎರಡು ಮೂರು ವಾರ ಬೆಳೆಸಿ, ಬೇರು ಗಟ್ಟಿಯಾದ ಮೇಲಷ್ಟೇ ಬಿಸಿ ಕೋಣೆಗೆ ಸೇರಿಸಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ, ಹಗಲು 16 ಗಂಟೆ ಬೆಳಕಿನಲ್ಲಿ 36, ರಾತ್ರಿ 30 ಡಿಗ್ರಿಗೆ ನಿಲ್ಲಿಸಿ, ನಾಲ್ಕರಿಂದ ಆರು ವಾರ ಇಡಿ. ಹಗಲುರಾತ್ರಿ ಒಂದೇ ಸಮ 37 ಇಟ್ಟರೆ ಬಹಳಷ್ಟು ಸಸಿಗಳು ಕಂದಿ ಸಾಯುತ್ತವೆ. ದೀಪದ ಕೆಳಗೆ ಬಾಟಲಿಯೊಳಗಿನ ಶಾಖ ಕೋಣೆಯದಕ್ಕಿಂತ ಹೆಚ್ಚಿರುತ್ತದೆ. ತಾಪಮಾಪಕದ ತಂತಿಯನ್ನು ಒಂದು ಖಾಲಿ ಬಾಟಲಿಯೊಳಗೇ ಇಳಿಸಿ ಅಳೆಯಿರಿ. ಸಸಿ ಬೆಳೆಯುವ ಪೋಷಕ ಮಾಧ್ಯಮ ಬೇಗ ಒಣಗುವುದರಿಂದ ತುಸು ಹೆಚ್ಚೇ ಸುರಿದಿರಬೇಕು. ಅಲ್ಲಿಯವರೆಗೆ ಕಾಣದಿದ್ದ ಒಳಗಿನ ಬ್ಯಾಕ್ಟೀರಿಯಾ ಈ ಶಾಖಕ್ಕೆ ಬೇರಿನ ಸುತ್ತ ಹಾಲಿನಂತೆ ಕದಡಿಕೊಂಡರೆ ಆ ಬಾಟಲಿಯನ್ನು ಆಟೊಕ್ಲೇವ್ ಮಾಡಿ (ಒತ್ತಡದ ಉಗಿಯಲ್ಲಿ ಸೂಕ್ಷ್ಮಾಣು ಕೊಂದು) ಎಸೆಯಿರಿ.

ಹೊರತೆಗೆದ ದಿನವೇ ತುದಿ ಕತ್ತರಿಸಿ. ತಂಪಿನಲ್ಲಿ ಬಿಟ್ಟರೆ ವೈರಸ್ ಮತ್ತೆ ಹೆಚ್ಚುತ್ತದೆ. ಸೂಕ್ಷ್ಮದರ್ಶಕದಡಿ ಒಂದೋ ಎರಡೋ ಎಲೆಮೊಳಕೆಯಿರುವ 0.2–0.3 ಮಿ.ಮೀ. ತುದಿ ಸಾಕು. ಇನ್ನೂ ಚಿಕ್ಕದಾದರೆ ಬದುಕುವುದು ಕಷ್ಟ, ದೊಡ್ಡದಾದರೆ ವೈರಸ್ ಜೊತೆಯಲ್ಲೇ ಬರುತ್ತದೆ. ಬಿಸಿಯಾಗುವ ದೀಪ ಬಳಸಿದರೆ ತುದಿ ಕ್ಷಣದಲ್ಲಿ ಒಣಗುತ್ತದೆ, ಎಲ್‌ಇಡಿ ಬಳಸಿ. ಪ್ರತಿ ತುದಿಗೂ ಬ್ಲೇಡ್ ಬದಲಿಸಿ. ತುದಿ ಬೆಳೆಸುವ ಎಂಎಸ್ (ಮುರಾಶಿಗೆ–ಸ್ಕೂಗ್) ಮಾಧ್ಯಮಕ್ಕೆ ಲೀಟರಿಗೆ ಸಕ್ಕರೆ 30 ಗ್ರಾಂ, ಬೆಳವಣಿಗೆಯ ಹಾರ್ಮೋನ್ ಆದ ಜಿಬ್ಬರೆಲಿಕ್ ಆಮ್ಲ 0.1 ಮಿ.ಗ್ರಾಂ, ಪಿಎಚ್ 5.8. ಜಿಬ್ಬರೆಲಿಕ್ ಆಮ್ಲ ಬಿಸಿಗೆ ಕೆಡುತ್ತದೆ, ಮಾಧ್ಯಮ ಆಟೊಕ್ಲೇವ್ ಆದ ಮೇಲೆ ಸೂಕ್ಷ್ಮಾಣು ತಡೆಯುವ ಶೋಧಕದಲ್ಲಿ ಸೋಸಿ ಸೇರಿಸಿ.

ಎಲೆಸುರುಳಿ ವೈರಸ್ ಬಿಸಿಗೆ ಸುಲಭವಾಗಿ ಸೋಲುತ್ತದೆ. ಆಲೂಗಡ್ಡೆಯ ಎಕ್ಸ್ ಮತ್ತು ಎಸ್ ಹೆಸರಿನ ವೈರಸ್‌ಗಳು ಮೊಂಡು. ಅವಕ್ಕೆ ಬಿಸಿಯ ಜೊತೆ ಮಾಧ್ಯಮಕ್ಕೆ ಲೀಟರಿಗೆ 20 ಮಿ.ಗ್ರಾಂ ರಿಬಾವಿರಿನ್ ಎಂಬ ವೈರಸ್ ನಿರೋಧಕ ಔಷಧ ಹಾಕುತ್ತಾರೆ. ಅದು ಗರ್ಭಕ್ಕೆ ಅಪಾಯಕಾರಿ, ಕೈಗವಸು ಕಡ್ಡಾಯ. ಗೆಡ್ಡೆಯನ್ನು ಕದಿರಿನಂತೆ ನೀಳವಾಗಿಸುವ, ವೈರಸ್‌ಗಿಂತ ಚಿಕ್ಕದಾದ ಕದಿರುಗೆಡ್ಡೆ ವೈರಾಯ್ಡ್ ಮಾತ್ರ ಬಿಸಿಯಲ್ಲಿ ಇನ್ನಷ್ಟು ಹೆಚ್ಚುತ್ತದೆ. ಅದಕ್ಕೆ ಪ್ರೋಟೀನ್ ಕವಚವೇ ಇಲ್ಲದ್ದರಿಂದ ಕವಚದ ಪ್ರೋಟೀನ್ ಗುರುತಿಸುವ ಎಲಿಸಾ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಹಾಗಾಗಿ ಬಿಸಿಗಿಡುವ ಮೊದಲೇ ಅದರ ಆರ್‌ಎನ್‌ಎ ಪತ್ತೆಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ.

ಬದುಕಿದ ಪ್ರತಿಯೊಂದು ತುದಿಗೂ ಬೇರೆ ಸಂಖ್ಯೆ ಕೊಟ್ಟು ಬೇರೆಯಾಗಿಯೇ ಬೆಳೆಸಿ. ಮೊದಲ ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದರೂ ಎರಡು ಮೂರು ಉಪಕೃಷಿಯ (ಸಸಿಯನ್ನು ಕತ್ತರಿಸಿ ಹೊಸ ಮಾಧ್ಯಮಕ್ಕೆ ಬದಲಿಸುವುದು) ನಂತರ ಮತ್ತೊಮ್ಮೆ, ಬಲೆಮನೆಯ ಮಣ್ಣಿಗೆ ನಾಟಿ ಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸದೆ ಆ ತುದಿಯಿಂದ ಬಂದ ಸಸಿಗಳ ಸಾಲನ್ನು ಹೆಚ್ಚಿಸಬೇಡಿ.