ಹನೋಯ್ ಸುತ್ತಲಿನ ಹಳ್ಳಿಗಳು: ಒಂದೇ ದಿನಕ್ಕೆ ಮೂರು ಊರು ಅಂದರೆ ಒಪ್ಪಬೇಡಿ

ವಿಯೆಟ್ನಾಮಿನ ರಾಜಧಾನಿ ಹನೋಯ್‌ನ ಹಳೇ ಪೇಟೆಯ ಟೂರ್ ಅಂಗಡಿಗಳಲ್ಲಿ ಒಂದು ಫೋಟೋ ಕಂಡೇ ಕಾಣುತ್ತದೆ. ಅಂಗಳದ ತುಂಬ ಕೆಂಪು ಊದಿನಕಡ್ಡಿಯ ಕಟ್ಟುಗಳು ಅರಳಿ ನಿಂತಿರುತ್ತವೆ. ನಡುವೆ ಚೂಪು ಟೋಪಿಯ ಹೆಂಗಸೊಬ್ಬಳು ಕೂತಿರುತ್ತಾಳೆ. ಕೆಳಗೆ ‘ಸಾಂಪ್ರದಾಯಿಕ ಹಳ್ಳಿಗಳ ಒಂದು ದಿನದ ಪ್ರವಾಸ’ ಎಂದು ಬರೆದಿರುತ್ತಾರೆ. ಆ ಪ್ರವಾಸಕ್ಕೆ ಹೋಗಬೇಕು ಎಂದುಕೊಂಡವರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಹಳ್ಳಿಗಳು ನಿಜಕ್ಕೂ ಚೆನ್ನಾಗಿವೆ. ಅವನ್ನು ತೋರಿಸುವ ರೀತಿ ಚೆನ್ನಾಗಿಲ್ಲ.

ನಾನು, ಅಕ್ಕ, ಭಾವ ಹೋಗಿದ್ದೆವು. ತಲೆಗೆ 9 ಲಕ್ಷ ಡಾಂಗ್, ಅಂದರೆ ಸುಮಾರು 3 ಸಾವಿರ ರೂಪಾಯಿ. (300 ಡಾಂಗ್‌ಗೆ ಹೆಚ್ಚುಕಮ್ಮಿ ಒಂದು ರೂಪಾಯಿ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ.) ಗೈಡ್, ಊಟ, ಎಲ್ಲ ಪ್ರವೇಶ ಶುಲ್ಕ ಸೇರಿದೆ ಎಂದು ಚೀಟಿಯಲ್ಲೇ ಇತ್ತು. ಮೂರು ಊರು: ರೇಷ್ಮೆಯ ವಾನ್ ಫುಕ್, ಊದಿನಕಡ್ಡಿಯ ಕ್ವಾಂಗ್ ಫೂ ಕಾವ್, ಟೋಪಿಯ ಚುವೊಂಗ್.

ಬೆಳಗ್ಗೆ ಏಳೂವರೆಗೆ ಹೋಟೆಲ್ ಬಾಗಿಲಿಗೆ ಮಿನಿ ಬಸ್ ಬಂತು. ಆಮೇಲೆ ಅದು ಹಳೇ ಪೇಟೆಯ ಗಲ್ಲಿಗಲ್ಲಿ ಸುತ್ತಿ ಬೇರೆ ಹೋಟೆಲ್‌ಗಳ ಜನರನ್ನು ತುಂಬಿಕೊಂಡಿತು. ಊರು ದಾಟುವ ಹೊತ್ತಿಗೆ ಒಂಬತ್ತು ದಾಟಿತ್ತು. ಕಾಲು ಚಾಚಲು ಜಾಗವಿಲ್ಲ, ಎಸಿ ನೀರು ಅಕ್ಕನ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಬಿಸಿಲಲ್ಲಿ ನಡೆ ಎಂದರೆ ನಾನು ಎಷ್ಟು ದೂರ ಬೇಕಾದರೂ ನಡೆಯುತ್ತೇನೆ. ಆದರೆ ಬೇರೆಯವರ ಹೋಟೆಲ್ ಬಾಗಿಲ ಮುಂದೆ ಕಾಯುತ್ತಾ ಕೂರುವುದು ನನ್ನಿಂದಾಗದು. ಈ ಬರಹದಲ್ಲಿ ಆ ಸಿಟ್ಟು ಇದ್ದೇ ಇರುತ್ತದೆ.

ಮೊದಲ ನಿಲುಗಡೆ ವಾನ್ ಫುಕ್ ಅಲ್ಲ, ದಾರಿ ಬದಿಯ ದೊಡ್ಡ ಕರಕುಶಲ ಮಳಿಗೆ. ಬಾತ್‌ರೂಮಿಗೆ ಎಂದು ಇಳಿಸಿದರು, 50 ನಿಮಿಷ ಬಿಡಲಿಲ್ಲ. ಚೀಟಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಗೈಡ್ ಹುಡುಗಿಯನ್ನು ಕೇಳಿದರೆ, ನಿಲ್ಲಿಸಲೇಬೇಕು ಎಂದು ಆಫೀಸಿನವರು ಹೇಳಿದ್ದಾರೆ ಎಂದಳು. ಅವಳ ತಪ್ಪಲ್ಲ ಬಿಡಿ.

ವಾನ್ ಫುಕ್‌ಗೆ ಟೂರ್ ಬೇಕಾಗಿಯೇ ಇಲ್ಲ. ಅದು ಈಗ ಹಾ ದೋಂಗ್ ಎಂಬ ಪೇಟೆಯ ಒಂದು ಭಾಗ. 2021ರ ನವೆಂಬರ್‌ನಲ್ಲಿ ಶುರುವಾದ ಮೆಟ್ರೋ ಇದೆ. ಕಾತ್ ಲಿನ್‌ನಲ್ಲಿ ಹತ್ತಿ ಲಾ ಖೆಯಲ್ಲಿ ಇಳಿದು ನಡೆದುಕೊಂಡು ಹೋಗಬಹುದು. ಟಿಕೆಟ್ 20 ಸಾವಿರ ಡಾಂಗ್ ಕೂಡ ಆಗುವುದಿಲ್ಲ. ಒಳಗೆ ಮಗ್ಗದ ಸದ್ದು ಕೇಳುವ ಮನೆಗಳು ಕೆಲವೇ, ಅಂಗಡಿಗಳೇ ಜಾಸ್ತಿ. ಒಂದು ಅಂಗಡಿಯಲ್ಲಿ ಪೂರ್ತಿ ರೇಷ್ಮೆ ಎಂದು ಒಂದು ಶಾಲು ತೋರಿಸಿದರು. ಅಂಚಿನ ಒಂದೆಳೆ ಸುಟ್ಟು ತೋರಿಸಿ ಎಂದು ಅಕ್ಕ ಸನ್ನೆ ಮಾಡಿದಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಂಟಾಗುತ್ತದೆ. ಅವರು ಶಾಲು ಮಡಚಿ ಒಳಗಿಟ್ಟರು. ಮಗ್ಗ ಇಟ್ಟುಕೊಂಡ ಮನೆಯಲ್ಲೇ ಕೊಳ್ಳಿ, ಇಲ್ಲದಿದ್ದರೆ ಸುಮ್ನೆ ನೋಡಿ ಬನ್ನಿ.

ಇನ್ನು ಆ ಫೋಟೋದ ಊರು. ಕ್ವಾಂಗ್ ಫೂ ಕಾವ್ ಹನೋಯ್‌ನಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್. ಬಸ್ ನಿಂತಿದ್ದು ಫೋಟೋಗೆಂದೇ ಸಿದ್ಧ ಮಾಡಿದ ಅಂಗಳದ ಮುಂದೆ. ಕಡ್ಡಿಗಳನ್ನು ವಿಯೆಟ್ನಾಮಿನ ಬಾವುಟದ ಆಕಾರಕ್ಕೆ ಜೋಡಿಸಿದ್ದರು, ಹತ್ತಿ ನಿಂತು ಫೋಟೋ ತೆಗೆಯಲು ಏಣಿಯೂ ಇತ್ತು. ಒಳಗೆ ಹೋಗಲು ತಲೆಗೆ 50 ಸಾವಿರ ಡಾಂಗ್ ಕೇಳಿದರು. ಶುಲ್ಕ ಎಲ್ಲ ಸೇರಿದೆ ಅಲ್ವಾ ಎಂದು ಚೀಟಿ ತೋರಿಸಿದರೆ, ಇದು ಪ್ರವೇಶ ಶುಲ್ಕ ಅಲ್ಲ, ಫೋಟೋ ಶುಲ್ಕ ಎಂಬ ಉತ್ತರ ಬಂತು. ಅಂಗಳದವರು ದುಡ್ಡು ಕೇಳುವುದು ಸರಿ. ಅಷ್ಟು ಕಡ್ಡಿ ಜೋಡಿಸುವುದಕ್ಕೂ ಕೆಲಸ ಇದೆ, ಜಾಗವೂ ಅವರದು. ಅದನ್ನು ಮೊದಲೇ ಹೇಳದೆ ನಮ್ಮ ದುಡ್ಡು ಇಟ್ಟುಕೊಂಡ ಟೂರಿನವರದ್ದು ಮೋಸ. ಈ 50 ಸಾವಿರ ಯಾರು ಕೊಡುತ್ತಾರೆ ಎಂದು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ಉಳಿದವರು ಏಣಿಗೆ ಸಾಲು ನಿಂತಾಗ ನಾವು ಹಿಂದಿನ ಓಣಿಗೆ ಹೋದೆವು. ನೋಡಬೇಕಾದ್ದು ಅಲ್ಲಿತ್ತು. ಒಂದು ಶೆಡ್ಡಿನಲ್ಲಿ ಮೆಷಿನ್ ಬಿದಿರಿನ ಪಟ್ಟಿ ನುಂಗಿ ಸಣ್ಣ ಕಡ್ಡಿ ಉಗುಳುತ್ತಿತ್ತು. ಪಕ್ಕದಲ್ಲಿ ವಯಸ್ಸಾದ ಹೆಂಗಸರು ನೆಲದಲ್ಲಿ ಕೂತು ಮುರಿದವನ್ನು ಆರಿಸಿ ಹಿಡಿಹಿಡಿಯಾಗಿ ಕಟ್ಟುತ್ತಿದ್ದರು. ಕಟ್ಟಿದ ಹಿಡಿಯ ಬುಡವನ್ನು ಕೆಂಪು ಬಣ್ಣದ ತೊಟ್ಟಿಯಲ್ಲಿ ಅದ್ದಿ, ಆಮೇಲೆ ತಿರುಚಿ ಬಿಸಿಲಿಗೆ ನಿಲ್ಲಿಸುತ್ತಾರೆ. ಗಾಳಿಯಾಡಿ ಬೇಗ ಒಣಗಲಿ ಎಂದು ಹಾಗೆ ಅರಳಿಸುವುದು. ಫೋಟೋದ ಹೂವು ಹುಟ್ಟಿದ್ದು ಈ ಕೆಲಸದಿಂದ.

ಅವರಲ್ಲಿ ಒಬ್ಬಜ್ಜಿ ಎಲ್ಲಿಯವರು ಎಂದು ಕೇಳಿಸಿದರು. ಇಂಡಿಯಾ ಎಂದ ಕೂಡಲೇ ಮೂಲೆಯ ಮೂಟೆಗಳ ಕಡೆ ಕೈ ತೋರಿಸಿ ಜೋರಾಗಿ ನಕ್ಕರು. ಗೈಡ್ ಹುಡುಗಿ ಓಡಿ ಬಂದು ಹೇಳಿದಳು, ಈ ಊರಿನ ಕಡ್ಡಿ ನಿಮ್ಮ ದೇಶಕ್ಕೇ ಹೋಗುತ್ತದೆ ಎಂದು. ನನಗೆ ಮೈ ಜುಮ್ಮೆಂದಿತು. ಬೆಂಗಳೂರು, ಮೈಸೂರಿನ ಊದಿನಕಡ್ಡಿ ಎಂದು ಹೆಮ್ಮೆ ಪಡುತ್ತೇವೆ. ಆದರೆ ನಮ್ಮ ದೇಶದ ಈ ಉದ್ಯಮ ಬಹಳ ವರ್ಷ ಬಿದಿರು ಕಡ್ಡಿಗೂ ಪರಿಮಳ ಹಾಕದ ಕಚ್ಚಾ ಬತ್ತಿಗೂ ವಿಯೆಟ್ನಾಂ, ಚೀನಾಗಳನ್ನೇ ನೆಚ್ಚಿಕೊಂಡಿತ್ತು. 2019ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಊದಿನಕಡ್ಡಿ ಆಮದಿಗೆ ನಿರ್ಬಂಧ ಹಾಕಿತು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇ 10ರಿಂದ 25ಕ್ಕೆ ಏರಿತು. ನಮ್ಮ ಹಳ್ಳಿಗಳಲ್ಲಿ ಬತ್ತಿ ಹೊಸೆಯುವ ಹೆಣ್ಣುಮಕ್ಕಳಿಗೆ ಕೆಲಸ ಸಿಗಲಿ ಎಂದು ಮಾಡಿದ್ದು, ಅದು ಸರಿಯೇ. ಅದರ ಪೆಟ್ಟು ಬಿದ್ದದ್ದು ಈ ಓಣಿಗೆ ಎಂದು ಅಲ್ಲಿ ನಿಂತಾಗಲೇ ನನಗೆ ತಿಳಿದದ್ದು. ಆ ಓಣಿಯಲ್ಲಿ ಇನ್ನೊಂದು ಗಂಟೆ ಕೂರಬೇಕಿತ್ತು. ಬಸ್ಸಿನವನು ಹಾರ್ನ್ ಹಾಕಿದ. ಮಳಿಗೆಗೆ 50 ನಿಮಿಷ, ಈ ಊರಿಗೆ 40.

ಚುವೊಂಗ್‌ನಲ್ಲಿ ಇನ್ನೂ ಕಡಿಮೆ. ಒಂದೇ ಮನೆ, 20 ನಿಮಿಷ, ಅದರಲ್ಲಿ ಅರ್ಧ ವ್ಯಾಪಾರಕ್ಕೆ. ಒಣಗಿದ ತಾಳೆಯ ಜಾತಿಯ ಎಲೆಯನ್ನು ಬಿಸಿ ಕಬ್ಬಿಣದ ಮೇಲೆ ಒತ್ತಿ ಚಪ್ಪಟೆ ಮಾಡುತ್ತಾರೆ. ಅದನ್ನು 16 ಬಿದಿರು ಬಳೆಗಳ ಅಚ್ಚಿನ ಮೇಲೆ ಹರಡಿ ದಾರದಿಂದ ಹೊಲಿಯುತ್ತಾರೆ. ಹೊಲಿಗೆ ಅಷ್ಟು ಸಣ್ಣದು, ಕಣ್ಣಿಗೆ ಹತ್ತುವುದಿಲ್ಲ. ಈ ಊರಿನ ನಿಜವಾದ ಸೊಗಸು ಟೋಪಿ ಸಂತೆ. ಅದು ಚಾಂದ್ರಮಾನದ 4, 10, 14, 20, 24, 30ನೇ ದಿನಗಳಲ್ಲಿ, ಬೆಳಗಿನ ಜಾವವೇ ನಡೆಯುತ್ತದೆ. ನಾವು ಹೋದ ದಿನ ಸಂತೆ ಇರಲಿಲ್ಲ. ಇದ್ದಿದ್ದರೂ ಮಧ್ಯಾಹ್ನ ಹೋದವರಿಗೆ ಏನು ಸಿಗುತ್ತದೆ? ಮನೆಯ ಪಂಚಾಂಗದಲ್ಲಿ ಅಮಾವಾಸ್ಯೆಯನ್ನು ಒಂದನೇ ದಿನ ಎಂದು ಎಣಿಸಿದರೆ ಒಂದು ದಿನ ಆಚೀಚೆ ಸಿಗುತ್ತದೆ. ಹೋಟೆಲಿನವರ ಗೋಡೆ ಕ್ಯಾಲೆಂಡರಿನಲ್ಲಿ ಎರಡೂ ತಾರೀಖು ಇರುತ್ತದೆ, ಖಚಿತ ಮಾಡಿಕೊಳ್ಳಿ.

ಟೂರಿನ ಊಟ ಎರಡು ಗಂಟೆಗೆ ಕೊಟ್ಟರು. ಸಸ್ಯಾಹಾರಿ ಎಂದು ಮೊದಲೇ ಬರೆಸಿದ್ದ ನಮಗೆ ಬೇಯಿಸಿದ ಎಲೆಕೋಸು, ಅನ್ನ, ಅದ್ದಿಕೊಳ್ಳಲು ಮೀನಿನ ಸಾಸ್. ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಇಷ್ಟಾದ ಮೇಲೂ ಹಳ್ಳಿ ನೋಡದೆ ಹೋಗಲು ಮನಸ್ಸಿರಲಿಲ್ಲ. ಇನ್ನೊಂದು ದಿನ ಒಂದು ಕಾರು ಮಾಡಿಕೊಂಡು ಡುವೊಂಗ್ ಲಾಮ್ ಎಂಬ ಹಳೇ ಹಳ್ಳಿಗೆ ಹೋದೆವು. ಡ್ರೈವರ್ ಸೇರಿ ಇಡೀ ದಿನಕ್ಕೆ 12 ಲಕ್ಷ ಡಾಂಗ್, ಸುಮಾರು 4 ಸಾವಿರ ರೂಪಾಯಿ. ಮೂರು ಜನಕ್ಕೆ ಟೂರ್‌ಗಿಂತ ಎಷ್ಟೋ ಕಡಿಮೆ. ಹನೋಯ್‌ನಿಂದ ಪಶ್ಚಿಮಕ್ಕೆ 45–50 ಕಿಲೋಮೀಟರ್, ಸೋನ್ ತಾಯ್ ಪಟ್ಟಣದ ಪಕ್ಕ. ಒಂದೇ ಒಂದು ಹಳ್ಳಿಗೆ ಸಮಯ ಇದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಊರಿನ ಹೆಬ್ಬಾಗಿಲು, ಗೋಡೆ, ಬಾವಿಕಟ್ಟೆ ಎಲ್ಲ ಕೆಂಪು ಜಂಬಿಟ್ಟಿಗೆಯದು. ಭಾವ ಕುಮಟೆಯವರು. ಗೋಡೆಗೆ ಕೈಯಿಟ್ಟವರೇ “ಇದು ನಮ್ಮ ಚಿರೆಕಲ್ಲೇ ಮಾರಾಯ್ತಿ” ಎಂದು ಅಕ್ಕನಿಗೆ ಹೇಳಿದರು. ನಿಜ, ಅದೇ ಕಲ್ಲು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು. ಈ ಊರನ್ನು 2005ರಲ್ಲಿ ವಿಯೆಟ್ನಾಂ ಸರ್ಕಾರ ರಾಷ್ಟ್ರೀಯ ಸ್ಮಾರಕ ಎಂದು ಗುರುತಿಸಿತು. ಇಬ್ಬರು ರಾಜರ ಹುಟ್ಟೂರು ಎಂದು ಅಲ್ಲಿಯವರಿಗೆ ಅಭಿಮಾನ. ಒಬ್ಬ ಫುಂಗ್ ಹುಂಗ್. ಇನ್ನೊಬ್ಬ 938ರಲ್ಲಿ ಬಾಕ್ ಡಾಂಗ್ ನದಿಯಲ್ಲಿ ಚೀನೀ ಸೈನ್ಯವನ್ನು ಸೋಲಿಸಿದ ಙೋ ಕ್ವೆನ್. ಮೋಂಗ್ ಫೂ ಸಭಾಮಂದಿರದ ಮರದ ಕೆತ್ತನೆ ನೋಡಿ. ಮಿಯಾ ಪಗೋಡದಲ್ಲಿ 287 ವಿಗ್ರಹಗಳಿವೆ, ಅದನ್ನು ಬಿಡಬೇಡಿ. ಹಳೇ ಮನೆಗಳ ಬಾಗಿಲು ತೆರೆದಿದ್ದರೆ ಕೇಳಿ ಒಳಗೆ ಹೋಗಬಹುದು. ಅಂಗಳದಲ್ಲಿ ಸೋಯಾ ಮತ್ತು ಅಂಟು ಅಕ್ಕಿ ಹುದುಗಿಸಿದ ದೊಡ್ಡ ಜಾಡಿಗಳು ಬಿಸಿಲು ಕಾಯುತ್ತಿರುತ್ತವೆ. ಹಸಿರು ಚಹಾದ ಜೊತೆ ‘ಚೆ ಲಾಮ್’ ಕೊಡುತ್ತಾರೆ. ಅಂಟು ಅಕ್ಕಿ ಹಿಟ್ಟು, ಬೆಲ್ಲದ ಪಾಕ, ಶುಂಠಿ, ಕಡಲೆಕಾಯಿ ಹಾಕಿದ ಸಿಹಿ. ಚಹಾಕ್ಕೆ ದುಡ್ಡು ಕೇಳದಿದ್ದರೂ ಒಂದು ಪೊಟ್ಟಣ ಕೊಳ್ಳಿ.

ಊಟಕ್ಕೆ ಹಳೇ ಮನೆಗಳಲ್ಲಿ ಮೊದಲೇ ಹೇಳಿಟ್ಟರೆ ದೊಡ್ಡ ತಟ್ಟೆಯ ಊಟ ಮಾಡಿಕೊಡುತ್ತಾರೆ, ಅದರಲ್ಲಿ ಕೋಳಿ, ಹಂದಿಯೇ ಮುಖ್ಯ. ನಾವು ಸೋನ್ ತಾಯ್ ಮಾರುಕಟ್ಟೆ ಪಕ್ಕದ ಒಂದು ಚಿಕ್ಕ ಅನ್ನದ ಅಂಗಡಿಗೆ ಹೋದೆವು. ಬೋರ್ಡಿಲ್ಲ, ನೀಲಿ ಪ್ಲಾಸ್ಟಿಕ್ ಸ್ಟೂಲುಗಳು, ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಮಾಡಿದ ಅಡುಗೆ. ಬೆರಳು ತೋರಿಸಿದ್ದನ್ನು ಬಡಿಸುತ್ತಾರೆ. ‘ಅನ್ ಚಾಯ್’ ಎಂದರೆ ಸಸ್ಯಾಹಾರ ಎಂದು ಅರ್ಥವಾಗುತ್ತದೆ. ಮೀನಿನ ಸಾಸ್ ಬೇಡ ಎಂಬುದನ್ನು ಫೋನಿನಲ್ಲಿ ಅವರ ಭಾಷೆಯಲ್ಲಿ ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು. ಅಡುಗೆಯವರು ಅದನ್ನು ಓದಿ ತಲೆಯಾಡಿಸಿ, ಬಾಣಲೆ ತೊಳೆದು ನಮಗೆಂದೇ ತೋಫುವನ್ನು ಟೊಮೆಟೊ ಗೊಜ್ಜಿನಲ್ಲಿ ಕುದಿಸಿಕೊಟ್ಟರು. ಬೆಳ್ಳುಳ್ಳಿ ಹಾಕಿ ಬಾಡಿಸಿದ ನೀರುಸೊಪ್ಪು, ಉಪ್ಪಲ್ಲಿ ಹಾಕಿದ ಗೋಲಿಯಂಥ ಬದನೆ, ಎಳ್ಳು ಕಡಲೆಕಾಯಿ ಪುಡಿ, ಬಿಸಿ ಅನ್ನ. ಕೊನೆಗೆ ಒಂದು ಬಟ್ಟಲು ತಿಳಿ ಸಾರು ಬಂತು. ಸೊಪ್ಪು ಬೇಯಿಸಿ ಬಸಿದ ನೀರಿಗೆ ಹುಳಿ ಹಿಂಡಿದ್ದು, ಅಷ್ಟೇ. ಮಸಾಲೆ ಕಾಣದ ಬಸ್ಸಾರು ಎಂದು ಅಕ್ಕ ಎರಡು ಬಟ್ಟಲು ಕುಡಿದಳು. ಭಾವ ಮೀನು ತಿನ್ನುವವರು, ಅವರೂ ಅವತ್ತು ನಮ್ಮ ತೋಫುವನ್ನೇ ಮತ್ತೆ ಹಾಕಿಸಿಕೊಂಡರು. ತಲೆಗೆ 40 ಸಾವಿರ ಡಾಂಗ್, ನಮ್ಮ 130 ರೂಪಾಯಿ ಆಸುಪಾಸು. ಇಡೀ ವಿಯೆಟ್ನಾಂ ಪ್ರವಾಸದಲ್ಲಿ ಹೊಟ್ಟೆಯೂ ಮನಸ್ಸೂ ತುಂಬಿದ ಊಟ ಅದು. ಹನ್ನೊಂದೂವರೆಗೇ ಹೋಗಿ. ಒಂದು ಗಂಟೆ ಮೇಲೆ ಪಾತ್ರೆ ಖಾಲಿಯಾಗುತ್ತದೆ, ಅಂಗಡಿಯವರು ಮಲಗುತ್ತಾರೆ.

ಗೈಡ್ ಬೇಕೇ ಬೇಕು ಎನ್ನುವವರು ಗುಂಪಿನ ಟೂರ್ ಬಿಟ್ಟು ನಿಮಗೆಂದೇ ಗೈಡ್ ಕೊಡುವವರನ್ನು ಹುಡುಕಿ. ಯಾವ ಊರಲ್ಲಿ ಎಷ್ಟು ನಿಮಿಷ, ಮಳಿಗೆಗೆ ನಿಲ್ಲಿಸುತ್ತೀರಾ, ಈ ಎರಡು ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. ಉತ್ತರ ಕೊಡದವರಿಗೆ ದುಡ್ಡು ಕೊಡಬೇಡಿ. ಚುವೊಂಗ್ ಮತ್ತು ಕ್ವಾಂಗ್ ಫೂ ಕಾವ್ ಒಂದೇ ದಿಕ್ಕಿನಲ್ಲಿವೆ, ಸಂತೆಯ ದಿನ ಬೆಳಗ್ಗೆ ಐದಕ್ಕೆ ಹೊರಟು ಎರಡನ್ನೂ ನೋಡಿ. ಡುವೊಂಗ್ ಲಾಮ್ ಅನ್ನು ಇವುಗಳ ಜೊತೆ ಸೇರಿಸಿದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಮಳೆ ಬಂದರೆ ಊದಿನಕಡ್ಡಿ ಊರಿಗೆ ಹೋಗಬೇಡಿ, ಹೊರಗೆ ಒಂದು ಕಡ್ಡಿಯೂ ಒಣಗಿಸಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಸೋನೆ ಮಳೆ ಜಾಸ್ತಿ. ಅಲ್ಲಿಯ ಹೊಸ ವರ್ಷದ ಟೆಟ್ ಹಬ್ಬಕ್ಕೆ ಮುಂಚಿನ ಒಂದೆರಡು ತಿಂಗಳು ಕೆಲಸ ಜೋರಾಗಿರುತ್ತದೆ, ಆಗ ಹೋದರೆ ಒಳ್ಳೆಯದು. ಕಾರನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿ, ಟೋಲ್ ಮತ್ತು ಪಾರ್ಕಿಂಗ್ ಸೇರಿಸಿಯೇ ದರ ಮಾತಾಡಿ.