ಕಡಲಾಮೆ ನೋಡಲು ವೇಳಾಸ್‌ಗೆ ಹೊರಟಿದ್ದೀರಾ? ಎರಡು ರಾತ್ರಿ ಇಟ್ಟುಕೊಳ್ಳಿ

ವೇಳಾಸ್‌ಗೆ ಒಂದೇ ರಾತ್ರಿಯ ಲೆಕ್ಕ ಹಾಕಿಕೊಂಡು ಹೋಗಬೇಡಿ. ನಾವು ಆ ತಪ್ಪು ಮಾಡುವುದರಲ್ಲಿದ್ದೆವು. ಸಂಜೆ ಆರಕ್ಕೆ ಮರಿಗಳನ್ನು ನೋಡಲು ದಡದಲ್ಲಿ ಕಟ್ಟಿದ್ದ ಹಗ್ಗದ ಈಚೆ ಎಲ್ಲರ ಜೊತೆ ನಿಂತಿದ್ದೆವು. ಕಾವಲಿನವರು ಮೊಟ್ಟೆ ಹೂತಿಟ್ಟ ಬೇಲಿಯೊಳಗೆ ಹೋಗಿ, ಗೂಡುಗಳ ಮೇಲೆ ಕವುಚಿದ್ದ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿದರು. ಬರೀ ಮರಳು. ಪಕ್ಕದಲ್ಲಿದ್ದ ಒಂದು ಗುಂಪು ಗೊಣಗುತ್ತಾ ಅವತ್ತೇ ಊರು ಬಿಟ್ಟಿತು. ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಬುಟ್ಟಿ ಎತ್ತಿದರೆ, ಕೆಳಗೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮರಿಗಳು ಒಂದರ ಮೇಲೊಂದು ಹತ್ತಿ ಗಿಜಿಗುಡುತ್ತಿದ್ದವು!

ವೇಳಾಸ್ ಇರುವುದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ, ಮಂಡಣಗಡ ತಾಲ್ಲೂಕು. ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಇಲ್ಲಿ ದಡ ಹತ್ತಿ, ಗುಂಡಿ ತೋಡಿ, ಒಂದು ಗೂಡಿಗೆ ನೂರು ನೂರಿಪ್ಪತ್ತು ಮೊಟ್ಟೆ ಇಟ್ಟು ಹೋಗುತ್ತವೆ. ಹಿಂದೆ ಆ ಮೊಟ್ಟೆ ಜನರ ಹೊಟ್ಟೆಗೋ ಸಂತೆಗೋ ಹೋಗುತ್ತಿತ್ತು. ಉಳಿದದ್ದು ನಾಯಿ, ನರಿಗೆ. 2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಊರವರನ್ನೇ ಜೊತೆಗೆ ಕರೆದುಕೊಂಡು ಕಾಯುವ ಕೆಲಸ ಶುರು ಮಾಡಿದರು. ಮರಿ ಬಿಡುವುದನ್ನು ನೋಡಲು ಜನ ಬರತೊಡಗಿದ ಮೇಲೆ ಮನೆಮನೆಯಲ್ಲೂ ಹೋಂಸ್ಟೇ ಆಯಿತು. ಮೊಟ್ಟೆ ಮಾರುವುದಕ್ಕಿಂತ ಅತಿಥಿಗೆ ಊಟ ಹಾಕುವುದರಲ್ಲಿ ಲಾಭ ಜಾಸ್ತಿ, ಅಲ್ವಾ? ನನಗಂತೂ ಇಡೀ ಕೆಲಸದ ಜಾಣತನ ಇಲ್ಲೇ ಇದೆ ಅನಿಸಿತು.

ಕಾಯುವವರನ್ನು ಅಲ್ಲಿ 'ಕಾಸವ ಮಿತ್ರ' ಅನ್ನುತ್ತಾರೆ. ಕಾಸವ ಅಂದರೆ ಮರಾಠಿಯಲ್ಲಿ ಆಮೆ. ನಸುಕಿನಲ್ಲೇ ದಡದುದ್ದಕ್ಕೂ ನಡೆದು ಆಮೆಯ ಹೆಜ್ಜೆ ಹುಡುಕುತ್ತಾರೆ. ಸಿಕ್ಕ ಮೊಟ್ಟೆಗಳನ್ನು ಬೇಲಿಯೊಳಗೆ ತಂದು, ಆಮೆ ತೋಡಿದ ಹಾಗೆಯೇ ಬಾಯಿ ಕಿರಿದು ಹೊಟ್ಟೆ ಅಗಲ ಇರುವ ಗುಂಡಿಯಲ್ಲಿ ಹೂಳುತ್ತಾರೆ. ಪಕ್ಕದಲ್ಲಿ ತಾರೀಕು ಮತ್ತು ಮೊಟ್ಟೆಗಳ ಲೆಕ್ಕ ಬರೆದ ಫಲಕ. ಒಡೆಯಲು ಸುಮಾರು 45ರಿಂದ 60 ದಿನ ಬೇಕು. ಮರಳು ಬಿಸಿ ಇದ್ದಷ್ಟೂ ಬೇಗ, ಹೆಣ್ಣುಮರಿಗಳೂ ಜಾಸ್ತಿ.

ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಹೋಂಸ್ಟೇಗೆ ಫೋನ್ ಮಾಡಿ, ಯಾವ ಗೂಡು ಯಾವಾಗ ಒಡೆಯಬಹುದು ಕೇಳಿ. ಮಾರ್ಚ್ ಸಾಮಾನ್ಯವಾಗಿ ಒಳ್ಳೆಯದು. ಶನಿವಾರ, ಭಾನುವಾರ ಬೇಡ. ಹಗ್ಗದ ಹತ್ತಿರ ನಿಲ್ಲಲೂ ಜಾಗ ಸಿಗುವುದಿಲ್ಲ.

ಕರಾವಳಿಯವರಿಗೆ ಕೊಂಕಣ ರೈಲೇ ಸುಲಭ. ನಾವು ಖೇಡ್‌ನಲ್ಲಿ ಇಳಿದಾಗ ನಡುರಾತ್ರಿ ದಾಟಿತ್ತು. ಮೊದಲೇ ಮಾತಾಡಿಟ್ಟಿದ್ದ ಗಾಡಿಯವನು ಹೇಳಿದ್ದು ಒಂದು ದರ, ಇಳಿದ ಮೇಲೆ ಕೇಳಿದ್ದು ಇನ್ನೊಂದು. ಆ ಹೊತ್ತಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ, ಕೊಟ್ಟೆವು. ನೀವು ಹೋಂಸ್ಟೇಯವರಿಂದಲೇ ಗಾಡಿ ಗೊತ್ತು ಮಾಡಿಸಿಕೊಳ್ಳಿ. ಮಂಡಣಗಡ ದಾಟಿದ ಮೇಲೆ ಬರೀ ತಿರುವು. ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ.

ಹೋಂಸ್ಟೇ ಅಂದರೆ ಊರವರ ಮನೆಯೇ. ನೆಲದ ಮೇಲೆ ಹಾಸಿಗೆ, ಹಿತ್ತಲಲ್ಲಿ ಬಚ್ಚಲು. ಊಟ ಮಾತ್ರ ಭರ್ಜರಿ. ಬಿಸಿ ಮೋದಕದ ಮೇಲೆ ತುಪ್ಪ, ಕೊನೆಗೆ ಸೋಲ್‌ಕಢಿ. ಪುನರ್ಪುಳಿಗೆ ತೆಂಗಿನಹಾಲು ಸೇರಿದ ರುಚಿ, ನಮ್ಮೂರಿನವರಿಗೆ ಹೊಸದೇನಲ್ಲ. ನಗದು ಹಣ ಇಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಊರಿಂದ ದಡಕ್ಕೆ ನಡೆಯಬೇಕು. ಟಾರ್ಚ್ ಇರಲಿ, ಆದರೆ ದಡದಲ್ಲಿ ಹಚ್ಚಬೇಡಿ. ಮರಿಗಳು ಬೆಳಕಿದ್ದ ಕಡೆ ತಿರುಗುತ್ತವೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

"ಎತ್ತಿ ನೀರಿಗೇ ಬಿಡಬಾರದಾ, ಪಾಪ" ಅಂತ ನಮ್ಮ ಜೊತೆಗಿದ್ದ ಅಜ್ಜಿ ಕೇಳಿದರು. ಬಿಡಬಾರದಂತೆ. ಆ ಮರಳಿನ ಮೇಲೆ ತಾವೇ ತೆವಳಿಕೊಂಡು ಹೋಗಬೇಕು. ನಮ್ಮ ಹೆಜ್ಜೆಗುಂಡಿಯೂ ಅವಕ್ಕೆ ಬಾವಿಯಿದ್ದ ಹಾಗೆ. ಅದಕ್ಕೇ ಹಗ್ಗ ದಾಟಿದರೆ ಬೈಯುತ್ತಾರೆ, ಬೈಸಿಕೊಳ್ಳಿ. ಒಂದು ಮರಿ ಮೂರು ಸಲ ಅಲೆಗೆ ಸಿಕ್ಕಿ ಮಗುಚಿ ವಾಪಸ್ ಬಂತು. ನಾಲ್ಕನೇ ಸಲ ಹೋಯಿತು. ಅಷ್ಟೂ ಹೊತ್ತು ಯಾರೂ ಮಾತಾಡಲಿಲ್ಲ.

ಬೆಳಿಗ್ಗೆ ಮತ್ತು ಸಂಜೆಯ ನಡುವೆ ಹೊತ್ತು ಕಳೆಯಲು ಬಾಣಕೋಟ್ ಕೋಟೆಗೆ ಹೋಗಿ. ಸಾವಿತ್ರಿ ನದಿ ಕಡಲು ಸೇರುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಪೇಶ್ವೆಗಳ ಕಾಲದ ಮರಾಠಾ ಮಂತ್ರಿ ನಾನಾ ಫಡ್ನವೀಸರ ಮೂಲ ಊರೂ ವೇಳಾಸೇ. ನದಿಯಾಚೆಯ ಹರಿಹರೇಶ್ವರ ದೇವಸ್ಥಾನ ನೋಡುವುದಿದ್ದರೆ ಈಚೆ ದಡದ ವೇಶ್ವಿಯಿಂದ ಆಚೆ ದಡದ ಬಾಗ್‌ಮಾಂಡ್ಲಾಗೆ ಜಂಗಲ್, ಅಂದರೆ ಚಪ್ಪಟೆ ದೊಡ್ಡ ದೋಣಿ ಇದೆ, ಕಾರನ್ನೂ ದಾಟಿಸುತ್ತದೆ. ಕೊನೆಯ ಜಂಗಲ್ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ತಪ್ಪಿದರೆ ರಸ್ತೆಯಲ್ಲಿ ಸುತ್ತಿಕೊಂಡು ಬರಬೇಕು, ಅಷ್ಟರಲ್ಲಿ ಸಂಜೆಯ ಬುಟ್ಟಿ ಎತ್ತಿ ಆಗಿರುತ್ತದೆ.